ಸಾವಿರ ಹದ್ದುಗಳ ನಡುವೆ ಒಂದು ಹಕ್ಕಿ

ಹಳೇ ಕಟ್ಟಡದ ಮಾಡು ಬಿಚ್ಚುವಾಗ ಮೂಲೆಯಲ್ಲಿ ಮೂರ್ನಾಲ್ಕು ಮರಿಗಳು ಸಿಗುತ್ತವೆ. ಮೈತುಂಬ ಬಿಳಿ ತುಪ್ಪಟ. ಹೃದಯದ ಆಕಾರದ ಮುಖ, ಅದರಲ್ಲಿ ಎರಡು ಕಪ್ಪು ಕಣ್ಣು. ಹತ್ತಿರ ಹೋದರೆ ಬುಸ್ ಅನ್ನುತ್ತವೆ. ಸಂಜೆಯೊಳಗೆ ಫೋಟೊ ಎಲ್ಲರ ಮೊಬೈಲಿಗೆ ಬಂದಿರುತ್ತದೆ. ಕೆಳಗೆ ಒಂದು ಸಾಲು: 'ಅಪರೂಪದ ಹಕ್ಕಿ ಪತ್ತೆ.' ಕೆಲವರು ಬೇರೆ ದೇಶದಿಂದ ಬಂದಿದೆ ಅಂತಾರೆ. ಕೆಲವರು ಊರಿಗೆ ಕೇಡು ಅಂತಾರೆ.

ಅದು ಕಣಜ ಗೂಬೆ. ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಇದು. ಇದರ ಬಂಧುಬಳಗ ಅಂಟಾರ್ಟಿಕಾ ಒಂದನ್ನು ಬಿಟ್ಟು ಎಲ್ಲ ಖಂಡಗಳಲ್ಲೂ ಇದೆ. ನಮ್ಮ ದೇವಸ್ಥಾನದ ಗೋಪುರ, ಹಳೇ ಮನೆಯ ಅಟ್ಟ, ಅಪಾರ್ಟ್‌ಮೆಂಟಿನ ಪೈಪು ಸಂದಿ, ಎಲ್ಲ ಕಡೆ ಬಾಳುತ್ತದೆ. ರಾತ್ರಿ ಓಡಾಡುತ್ತದೆ, ನಾವು ನೋಡಿರುವುದಿಲ್ಲ, ಅಷ್ಟೆ. ನಾವು ನೋಡಿಲ್ಲ ಎನ್ನುವುದಕ್ಕೂ ಅದು ಅಪರೂಪ ಎನ್ನುವುದಕ್ಕೂ ಸಂಬಂಧವೇ ಇಲ್ಲ. ಆದರೆ ಈ ಗೊಂದಲಕ್ಕೆ ಮರಿಗಳು ಬೆಲೆ ತೆರುತ್ತವೆ. ಜನ ಸೇರುತ್ತಾರೆ, ಕೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಇನ್ನು ಗೂಬೆಯನ್ನು ಮಾಟಮಂತ್ರಕ್ಕೆ ಹಿಡಿದು ಮಾರುವವರೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.

ಇದೇ ಸಾಲಿಗೆ ಸೇರುವ ಇನ್ನೊಂದು ಫೋಟೊ ಇದೆ. ಕಂದು ಮೈ, ಅದರ ಮೇಲೆಲ್ಲ ಬಿಳಿ ಚುಕ್ಕೆ, ಬಾಲಕ್ಕೆ ಪಟ್ಟೆ, ಕೆಂಪು ಕಣ್ಣು. 'ನಮ್ಮ ಹಿತ್ತಲಿಗೆ ಬಂದಿದೆ, ಯಾವ ಹಕ್ಕಿ ಗೊತ್ತಾಗ್ತಿಲ್ಲ.' ಅದು ಹೆಣ್ಣು ಕೋಗಿಲೆ. ಕೂಗು ಕೇಳಿ ಬೆಳೆದವರು ನಾವು, ಆದರೆ ಕೂಗುವ ಕರಿ ಗಂಡನ್ನಷ್ಟೇ ಕೋಗಿಲೆ ಅಂದುಕೊಂಡಿದ್ದೇವೆ.

ನನಗೆ ಹಕ್ಕಿ ನೋಡುವ ಹುಚ್ಚು ಹತ್ತಿ ಬಹಳ ವರ್ಷಗಳಾದವು. ಅಪರೂಪದ ಹಕ್ಕಿ ಹುಡುಕಬೇಕು ಅನ್ನುವವರಿಗೆ ನಾನು ಹೇಳುವ ಮಾತು ಒಂದೇ. ಮೊದಲು ಹದ್ದನ್ನು ಒಂದು ವರ್ಷ ನೋಡಿ. ಇದು ತಾಳ್ಮೆಯ ಪಾಠ ಅಲ್ಲ, ಲೆಕ್ಕದ ಮಾತು. ಆ ಲೆಕ್ಕ ನನಗೆ ಎಷ್ಟು ಇಷ್ಟ ಅಂದರೆ, ಅದಕ್ಕೋಸ್ಕರವೇ ಇದನ್ನು ಬರೆಯುತ್ತಿದ್ದೇನೆ.

ಒಂದು ನವೆಂಬರ್ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಿಂತಿದ್ದೆ. ಎದುರು ಬಿಸಿಲು. ನೀರಿನ ಮೇಲೆ ಕಂದು ಬಣ್ಣದ ಬೇಟೆ ಹಕ್ಕಿಯೊಂದು ಸುತ್ತುತ್ತಿತ್ತು. ಹದ್ದಿನ ಬಾಲ ಕತ್ತರಿಸಿದಂತೆ ಕವಲಾಗಿರುತ್ತದೆ, ಇದರದ್ದು ಗುಂಡಗಿತ್ತು. ರೆಕ್ಕೆ ತಿರುಗಿಸಿದಾಗ ಅಡಿಯಲ್ಲಿ, ಉದ್ದ ಗರಿಗಳ ಬುಡಕ್ಕೆ ದೊಡ್ಡ ತಿಳಿ ಮಚ್ಚೆ. ನನ್ನ ಎದೆ ಹೊಡೆದುಕೊಂಡಿತು. ಉದ್ದಗಾಲಿನ ಬಜರ್ಡ್! ಚಳಿಗಾಲದಲ್ಲಿ ಉತ್ತರ ಭಾರತದ ಬಯಲಿಗೆ ಬರುವ ಹಕ್ಕಿ, ನಮ್ಮ ದಕ್ಷಿಣದಲ್ಲಿ ಕಾಣುವುದು ಕಷ್ಟ. ಪುಸ್ತಕ ತೆಗೆದೆ, ಚಿತ್ರ ನೋಡಿದೆ, ಅದೇ ಅನ್ನಿಸಿತು. ಪುಸ್ತಕ ಮುಚ್ಚಿ ಮತ್ತೆ ಬೈನಾಕ್ಯುಲರ್ ಎತ್ತುವಷ್ಟರಲ್ಲಿ ಹಕ್ಕಿ ಕೆಳಗಿಳಿಯಿತು. ನೀರಿನ ಮೇಲೆ ತೇಲುತ್ತಿದ್ದ ಸತ್ತ ಮೀನನ್ನು ಕಾಲಲ್ಲಿ ಎತ್ತಿತು. ಎಲ್ಲೂ ಕೂರಲಿಲ್ಲ. ಹಾರುತ್ತಲೇ ಕಾಲನ್ನು ಕೊಕ್ಕಿನ ಹತ್ತಿರ ತಂದು ಹರಿದು ಹರಿದು ತಿಂದಿತು. ಆಮೇಲೆ ಬೆಕ್ಕಿನ ಮರಿ ಅತ್ತ ಹಾಗೆ ಎಳೆದು ಕೂಗಿತು.

ಗರುಡ. ಎಳೆಯ ಗರುಡ.

ಬಿಳಿ ತಲೆ, ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆಯ ಗರುಡನನ್ನು ಕಂಡರೆ ನಮ್ಮವರು ಕೈಮುಗಿಯುತ್ತಾರೆ. ಅದರ ಮರಿ ಮೈಯೆಲ್ಲ ಕಂದು. ತಲೆ ಪೂರ್ತಿ ಬೆಳ್ಳಗಾಗಿ ದೊಡ್ಡವರ ಬಣ್ಣ ಬರುವುದಕ್ಕೆ ಎರಡು ಮೂರು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಅದು ಕೆಲವರಿಗೆ ಹದ್ದು, ಕೆಲವರಿಗೆ ಬಜರ್ಡ್.

ಈಗ ಲೆಕ್ಕಕ್ಕೆ ಬನ್ನಿ. ಆ ಕೆರೆಯ ಮೇಲೆ ಹಾರುವ ಇಂಥ ಸಾವಿರ ಕಂದು ಹಕ್ಕಿಗಳಲ್ಲಿ ಒಂದು ಮಾತ್ರ ನಿಜವಾದ ಬಜರ್ಡ್ ಅಂತ ಇಟ್ಟುಕೊಳ್ಳೋಣ. ನನ್ನ ಕಣ್ಣು ನೂರಕ್ಕೆ 95 ಸಲ ಸರಿ ಹೇಳುತ್ತದೆ, 5 ಸಲ ತಪ್ಪುತ್ತದೆ. ಒಳ್ಳೇ ಕಣ್ಣೇ, ಅಲ್ವಾ? ಆದರೂ ಬಜರ್ಡ್ ಅಲ್ಲದ 999 ಹಕ್ಕಿಗಳಲ್ಲಿ ಸುಮಾರು 50ನ್ನು ನಾನು ಬಜರ್ಡ್ ಅಂದುಬಿಡುತ್ತೇನೆ. ನಿಜವಾದ ಬಜರ್ಡ್ ಇರುವುದೇ ಒಂದು. ಅಂದರೆ ನಾನು 'ಬಜರ್ಡ್!' ಎಂದು ಕೂಗಿದ 51 ಸಲದಲ್ಲಿ ಸರಿಯಾಗಿರುವುದು ಒಂದೇ ಸಲ. ಕಣ್ಣು ಕೆಟ್ಟದ್ದಲ್ಲ. ಹಕ್ಕಿ ಅಪರೂಪ, ಅದಕ್ಕೇ ಹೀಗೆ.

ಮೊದಲ ಸಲ ಈ ಲೆಕ್ಕ ಮಾಡಿದ ದಿನ ನನಗೆ ನಿದ್ದೆ ಬರಲಿಲ್ಲ. ಹಕ್ಕಿ ಅಪರೂಪವಾದಷ್ಟೂ ಅದನ್ನು ಕಂಡೆ ಅನ್ನುವ ನಮ್ಮ ಮಾತು ಸುಳ್ಳಾಗುವ ಸಾಧ್ಯತೆ ಜಾಸ್ತಿ. ಮಳೆಗಾಲದಲ್ಲಿ ಜ್ವರ ಬಂದರೆ ಡಾಕ್ಟರು ಮೊದಲು ವೈರಲ್ ಜ್ವರ ಅಂತಾರೆ, ಡೆಂಗಿ ನೋಡ್ತಾರೆ, ಪುಸ್ತಕದ ಕೊನೇ ಪುಟದಲ್ಲಿರುವ ಕಾಯಿಲೆಯನ್ನು ಮೊದಲು ಹೇಳುವುದಿಲ್ಲ. ಹಳ್ಳಿ ರಸ್ತೆಯಲ್ಲಿ ದೂರದಿಂದ ಕೆಂಪು ಬಸ್ಸು ಬರುತ್ತಿದ್ದರೆ ಬೋರ್ಡು ಕಾಣದಿದ್ದರೂ ತಾಲ್ಲೂಕಿಗೆ ಹೋಗುವ ದಿನದ ಬಸ್ಸು ಅಂತಲೇ ನಾವು ಚೀಲ ಎತ್ತಿಕೊಳ್ಳುತ್ತೇವೆ. ಆ ರಸ್ತೆಯಲ್ಲಿ ಏನು ಓಡುತ್ತದೆ ಎನ್ನುವುದು ನಮಗೆ ಮೊದಲೇ ಗೊತ್ತು. ಆ ಮೊದಲೇ ಗೊತ್ತಿರುವುದನ್ನು ಲೆಕ್ಕಕ್ಕೆ ಸೇರಿಸುವ ವಿಧಾನ ತೋರಿಸಿದವರು ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿ. ಅವರು ತೀರಿಕೊಂಡದ್ದು 1761ರಲ್ಲಿ. ಬರಹ ಅಚ್ಚಾದದ್ದು 1763ರಲ್ಲಿ, ಅವರ ಕಾಗದಗಳನ್ನು ಜೋಪಾನ ಮಾಡಿದ ಗೆಳೆಯ ರಿಚರ್ಡ್ ಪ್ರೈಸ್ ಅವರಿಂದ.

ಹಾಗಾದರೆ ಅಪರೂಪದ ಹಕ್ಕಿಯನ್ನು ಯಾವತ್ತೂ ನಂಬುವ ಹಾಗಿಲ್ಲವಾ? ಇದೆ. ಜರಡಿ ಹಿಡಿಯಬೇಕು. ಬಣ್ಣ ಒಂದು ಜರಡಿ, ಅದರಲ್ಲಿ 50 ತಪ್ಪುಗಳು ಉಳಿದವು. ಎರಡನೇ ಜರಡಿ ಹಾರುವ ರೀತಿ. ಬಜರ್ಡ್ ಸುತ್ತುವಾಗ ರೆಕ್ಕೆಗಳನ್ನು ಮೇಲಕ್ಕೆತ್ತಿ ಅಗಲವಾದ ಕವಣೆ ಕವಲಿನ ಹಾಗೆ ಹಿಡಿಯುತ್ತದೆ, ಗರುಡ ಹಾಗೆ ಹಿಡಿಯುವುದಿಲ್ಲ. ಈ ಜರಡಿಯೂ ನೂರಕ್ಕೆ 95 ಸರಿ ಅಂದುಕೊಂಡರೆ 50ರಲ್ಲಿ ಎರಡೋ ಮೂರೋ ತಪ್ಪು ಉಳಿಯುತ್ತವೆ. ಈಗ ನನ್ನ ಮಾತು ನಾಲ್ಕಕ್ಕೆ ಒಂದು ಪಾಲು ನಿಜ. ಮೂರನೇ ಜರಡಿ ನಡವಳಿಕೆ, ಕೂಗು. ಅದನ್ನೂ ದಾಟಿದರೆ ಎಂಟಕ್ಕೆ ಏಳು ಪಾಲು ನಿಜ. ಮೂರೇ ಜರಡಿಗೆ ಐವತ್ತೊಂದರಲ್ಲಿ ಒಂದು ಅನ್ನುವುದು ಎಂಟಕ್ಕೆ ಏಳಾಯಿತು!

ಒಂದು ಕಿವಿಮಾತಿದೆ. ಅದೇ ಜರಡಿಯಲ್ಲಿ ಮೂರು ಸಲ ಹಿಡಿದರೆ ಕಲ್ಲು ಹೋಗುವುದಿಲ್ಲ. ಎದುರು ಬಿಸಿಲಲ್ಲಿ ರೆಕ್ಕೆ ಬಣ್ಣ, ಎದೆ ಬಣ್ಣ, ಬಾಲದ ಬಣ್ಣ ಅಂತ ಮೂರು ಗುರುತು ಬರೆದುಕೊಂಡರೆ ಅವು ಮೂರಲ್ಲ, ಒಂದು. ಬೆಳಕು ಮೋಸ ಮಾಡಿದರೆ ಮೂರೂ ಒಟ್ಟಿಗೆ ಕೆಡುತ್ತವೆ. ಅದಕ್ಕೇ ಒಂದು ಗುರುತು ಬಣ್ಣದ್ದು, ಒಂದು ಆಕಾರದ್ದು, ಒಂದು ಕೂಗಿನದ್ದು, ಒಂದು ಅದು ಮಾಡುತ್ತಿದ್ದ ಕೆಲಸದ್ದು ಇರಬೇಕು. ಆ ದಿನ ನನ್ನನ್ನು ಉಳಿಸಿದ್ದು ಬಣ್ಣ ಅಲ್ಲ, ಹಾರುತ್ತಾ ತಿಂದ ಆ ಮೀನು.

ಈ ಜರಡಿಯನ್ನು ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ದೇಶದ್ದೇ ಒಂದು ಕಥೆ ಇದೆ. ಬುಡುಬುಡುಕೆಯವರು 'ಹಾಲಕ್ಕಿ ನುಡೀತೈತೆ, ಶುಭ ನುಡೀತೈತೆ' ಅಂತ ಬಾಗಿಲಿಗೆ ಬರುತ್ತಿದ್ದರಲ್ಲ, ಆ ಹಾಲಕ್ಕಿ ಒಂದು ಪುಟಾಣಿ ಗೂಬೆ. ತಲೆಯ ಮೇಲೆ ಬಿಳಿ ಚುಕ್ಕೆ, ಹಳದಿ ಕಣ್ಣು, ಸಂಜೆಯಾದರೆ ಮಾವಿನ ಮರದ ಪೊಟರೆಯಿಂದ ಇಣುಕುತ್ತದೆ. ಅದು ನುಡಿಯುವುದು ತನ್ನ ಜೊತೆಗಾರ್ತಿಗೆ, ನಮಗೆ ಅಲ್ಲ. ಇದಕ್ಕೊಂದು ಅಪರೂಪದ ನೆಂಟ ಇದೆ, ಕಾಡಿನ ಸಣ್ಣ ಗೂಬೆ. ಇಂಗ್ಲಿಷಿನವರು ಇಟ್ಟ ಹೆಸರು ಫಾರೆಸ್ಟ್ ಔಲೆಟ್. 1873ರಲ್ಲಿ ಎ. ಒ. ಹ್ಯೂಮ್ ಎಂಬ ಬ್ರಿಟಿಷ್ ಅಧಿಕಾರಿ ಅದನ್ನು ಮೊದಲು ವಿವರಿಸಿದರು. 1884ರ ನಂತರ ಅದು ಮಾಯವಾಯಿತು. ಜಗತ್ತಿನ ಮ್ಯೂಸಿಯಂಗಳಲ್ಲಿ ಉಳಿದದ್ದು ಏಳು ಒಣಗಿದ ಚರ್ಮ.

ಅವುಗಳಲ್ಲಿ ಒಂದರ ಚೀಟಿ ಮಾತ್ರ 1914 ಅನ್ನುತ್ತಿತ್ತು. ಗುಜರಾತಿನ ಮಾಂಡ್ವಿಯಲ್ಲಿ ಹೊಡೆದದ್ದು ಎಂದು ಕರ್ನಲ್ ರಿಚರ್ಡ್ ಮೈನರ್ಟ್‌ಝಾಗನ್ ಬರೆದಿದ್ದರು. ದೊಡ್ಡ ಮನುಷ್ಯ, ದೊಡ್ಡ ಹೆಸರು. ಜನ ನಂಬಿದರು. ಹಕ್ಕಿ ಎಂದೂ ಇರದ ಕಡೆ ಹುಡುಕಿದರು. ನಡುವೆ ಕಂಡೆವು ಅಂದವರ ಫೋಟೊ ನೋಡಿದರೆ ಅದು ಚುಕ್ಕೆ ತಲೆಯ ಮಾಮೂಲಿ ಹಾಲಕ್ಕಿ. ಕೊನೆಗೆ ಅಮೆರಿಕದ ಪಕ್ಷಿತಜ್ಞೆ ಪಮೇಲಾ ರಾಸ್ಮುಸನ್ ಆ ಚರ್ಮವನ್ನೇ ಪರೀಕ್ಷೆಗೆ ಹಾಕಿದರು. ಹಳೇ ಹೊಲಿಗೆ ಬಿಚ್ಚಿ ಮತ್ತೆ ಹೊಲಿದ ಗುರುತು ಸಿಕ್ಕಿತು. ಅದು 1880ರ ದಶಕದಲ್ಲಿ ಜೇಮ್ಸ್ ಡೇವಿಡ್‌ಸನ್ ಸಂಗ್ರಹಿಸಿದ್ದ ಹಕ್ಕಿ. ಮ್ಯೂಸಿಯಂನಿಂದ ಕದ್ದು, ಚೀಟಿ ಬದಲಾಯಿಸಿ ತನ್ನದು ಅಂದುಬಿಟ್ಟಿದ್ದರು ಕರ್ನಲ್.

ಸುಳ್ಳು ಚೀಟಿ ಪಕ್ಕಕ್ಕಿಟ್ಟ ಮೇಲೆ ರಾಸ್ಮುಸನ್, ಬೆನ್ ಕಿಂಗ್ ಮತ್ತು ಡೇವಿಡ್ ಅಬಟ್ ಹಳೇ ನಿಜವಾದ ಜಾಗಗಳಿಗೆ ಹೊರಟರು. 1997ರ ನವೆಂಬರ್ 25ರ ಬೆಳಿಗ್ಗೆ, ಮಹಾರಾಷ್ಟ್ರದ ಶಹಾದಾ ಹತ್ತಿರದ ಕಾಡಿನಲ್ಲಿ, ಎಲೆ ಉದುರಿದ ಮರದ ಮೇಲೆ ಹಗಲಲ್ಲೇ ಒಂದು ಪುಟ್ಟ ಗೂಬೆ ಕೂತಿತ್ತು. ತಲೆಯ ಮೇಲೆ ಚುಕ್ಕೆ ಇಲ್ಲ. ರೆಕ್ಕೆ ಬಾಲಗಳಿಗೆ ದಪ್ಪ ಪಟ್ಟೆ. 113 ವರ್ಷಗಳ ನಂತರ ಅದು ಮತ್ತೆ ಕಂಡಿತ್ತು. ಹಾಲಕ್ಕಿಯ ತಲೆ ಹೇಗಿರುತ್ತದೆ ಎಂದು ಚೆನ್ನಾಗಿ ಗೊತ್ತಿದ್ದವರಿಗಷ್ಟೇ ಚುಕ್ಕೆ ಇಲ್ಲದ ತಲೆ ಕಣ್ಣಿಗೆ ಬೀಳುತ್ತದೆ.

ಬಿಳಿ ಕಾಗೆ, ಬಿಳಿ ಗುಬ್ಬಿಯ ಮಾತನ್ನೂ ಹೇಳಿಬಿಡುತ್ತೇನೆ. ಅವು ಬೇರೆ ಜಾತಿಯಲ್ಲ, ಶಕುನವೂ ಅಲ್ಲ. ಗರಿಗೆ ಕಪ್ಪು ಕಂದು ಬಣ್ಣ ಕೊಡುವ ಮೆಲನಿನ್ ಗರಿ ತಲುಪಿಲ್ಲ, ಅಷ್ಟೆ. ಬಾಲದ ಬುಡ ಕೆಂಪಾಗಿರುವ ನಮ್ಮ ಪಿಕಳಾರದಲ್ಲಿ ಇದು ಬಹಳ ಚೆನ್ನಾಗಿ ಕಾಣುತ್ತದೆ. ಮೈಯೆಲ್ಲ ಬಿಳಿ, ಬಾಲದ ಬುಡ ಮಾತ್ರ ಹಾಗೇ ಕೆಂಪು. ಯಾಕೆಂದರೆ ಆ ಕೆಂಪು ಬರುವುದು ಮೆಲನಿನ್‌ನಿಂದ ಅಲ್ಲ, ತಿನ್ನುವ ಆಹಾರದಿಂದ ಸಿಗುವ ಕೆರೊಟಿನಾಯ್ಡ್‌ನಿಂದ. ಒಂದು ನಲ್ಲಿ ನಿಂತರೂ ಇನ್ನೊಂದು ಹರಿಯುತ್ತಿರುತ್ತದೆ.

ಅಪರೂಪ ಅನ್ನುವುದು ಹಕ್ಕಿಯ ಮೈಮೇಲೆ ಬರೆದಿರುವುದಿಲ್ಲ. ಅದು ಊರಿಗೂ ತಿಂಗಳಿಗೂ ಸೇರಿದ್ದು. ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಅಂದರೆ ಪೆಲಿಕನ್, ಮನೆ ಮುಂದಿನ ಮರದಲ್ಲೇ ಗೂಡು ಕಟ್ಟುತ್ತದೆ, ಅಲ್ಲಿನ ಮಕ್ಕಳಿಗೆ ಅದು ಕೋಳಿಯಷ್ಟೇ ಪರಿಚಯ. ಅದನ್ನು ನೋಡಲು ಸಮುದ್ರ ದಾಟಿ ಬರುವವರಿದ್ದಾರೆ. ಬೂದು ಸಿಪಿಲೆ ಡಿಸೆಂಬರಿನಲ್ಲಿ ಮಲೆನಾಡಿನ ಯಾವ ಹಳ್ಳದ ಬದಿಯಲ್ಲೂ ಬಾಲ ಕುಣಿಸುತ್ತದೆ. ಅದೇ ಹಕ್ಕಿ ಜೂನ್ ನಡುವೆ ಕಂಡರೆ ಎರಡು ಸಲ ನೋಡಬೇಕು, ಆ ಹೊತ್ತಿಗೆ ಅದು ಹಿಮಾಲಯದ ಕಡೆಯೋ ಇನ್ನೂ ಮೇಲೋ ಇರಬೇಕು. ಕರಾವಳಿಯಲ್ಲಿ ಇದು ಉಲ್ಟಾ. ಮುಂಗಾರಿನ ಬಿರುಗಾಳಿ ಜೋರಾದಾಗ ನಡುಗಡಲಿನ ಹಕ್ಕಿಗಳು ದಡಕ್ಕೆ ಬಂದು ಬೀಳುತ್ತವೆ, ಜೂನ್ ಜುಲೈಯೇ ಅಲ್ಲಿ ಕಣ್ಣಿಡುವ ಕಾಲ. ನಾವು ಕಂಡ ಹಕ್ಕಿಗಳನ್ನು ದಾಖಲಿಸಲು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2002ರಲ್ಲಿ ಶುರು ಮಾಡಿದ ಈ-ಬರ್ಡ್ ಜಾಲತಾಣ ಕೆಲಸ ಮಾಡುವುದೂ ಹೀಗೇ. ಪ್ರತಿ ಪ್ರದೇಶಕ್ಕೆ, ಆಯಾ ಕಾಲಕ್ಕೆ ಯಾವ ಹಕ್ಕಿ ಎಷ್ಟು ಇರಬಹುದು ಎಂಬ ಮಿತಿ ಅದರಲ್ಲಿದೆ. ಅದನ್ನು ಮೀರಿದರೆ 'ವಿವರ ಕೊಡಿ' ಅನ್ನುತ್ತದೆ. ಕೆಲವರಿಗೆ ಅವಮಾನವಾದಂತೆ ಆಗುತ್ತದೆ. ಆಗಬಾರದು. ಅದು ಬೇಯ್ಸ್ ಪಾದ್ರಿಯ ಪ್ರಶ್ನೆ, ನಮ್ಮ ಮೇಲಿನ ಅನುಮಾನ ಅಲ್ಲ.

ವಿವರ ಬರೆಯುವುದಕ್ಕೂ ಒಂದು ಕ್ರಮ ಇದೆ. ಪುಸ್ತಕ ತೆರೆಯುವ ಮುಂಚೆ ಬರೆಯಬೇಕು. ಚಿತ್ರ ನೋಡಿದ ಮೇಲೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ, ಕಾಣದ ಹುಬ್ಬಿನ ಗೆರೆಯೂ ಕಂಡ ಹಾಗಾಗುತ್ತದೆ. 'ಬಜರ್ಡ್' ಎಂದು ಬರೆಯಬೇಡಿ, 'ಬಾಲ ಗುಂಡಗೆ, ಪಟ್ಟೆ ಇಲ್ಲ, ಪಕ್ಕದ ಹದ್ದಿಗಿಂತ ಸ್ವಲ್ಪ ಚಿಕ್ಕದು, ಬೆಳಕು ಎದುರು' ಎಂದು ಬರೆಯಿರಿ. ಕಾಣದ್ದನ್ನು 'ಕಾಣಲಿಲ್ಲ' ಅಂತಲೂ ಬರೆಯಿರಿ. ಕಾಲಿನ ಬಣ್ಣ ಹೇಳುವಾಗ ಕೆಸರು ಮೆತ್ತಿದೆಯಾ ನೋಡಿ. ಸಣ್ಣ ನೀರಹಕ್ಕಿಗಳಲ್ಲಿ ಹಳದಿ ಕಾಲು ಕೆಸರಲ್ಲಿ ಕಪ್ಪಾಗಿ ಎಷ್ಟೋ ಜನರ ದಾರಿ ತಪ್ಪಿಸಿದೆ. ಗೂಡು ಸಿಕ್ಕರೆ ಜಾಗ ಯಾರಿಗೂ ಹೇಳಬೇಡಿ. ಹಕ್ಕಿ ಈಚೆ ಬರಲಿ ಎಂದು ಮೊಬೈಲಿನಲ್ಲಿ ಅದರ ಕೂಗು ಹಾಕಬೇಡಿ, ಅದಕ್ಕೆ ಅದು ತನ್ನ ಜಾಗಕ್ಕೆ ನುಗ್ಗಿದ ವೈರಿಯ ದನಿ.

ನಾನು ಬಜರ್ಡ್ ಅಂದುಕೊಂಡ ಆ ಎಳೆಯ ಗರುಡನ ಪುಟ ಇನ್ನೂ ನನ್ನ ಬಳಿ ಇದೆ. ಮುಂದಿನ ವರ್ಷದ ಚಳಿಗಾಲದಲ್ಲಿ ಅದೇ ಕೆರೆಯ ಮೇಲೆ ಒಂದು ಗರುಡ ಸುತ್ತುತ್ತಿತ್ತು. ಮೈ ಕಂದೇ, ಆದರೆ ತಲೆ ಬೂದಿ ಬಳಿದ ಹಾಗೆ ಮಾಸಲು ಬಿಳಿ. ಅದೇ ಹಕ್ಕಿ ಎಂದು ಹೇಳಲು ನನ್ನ ಬಳಿ ಸಾಕ್ಷಿ ಇಲ್ಲ. ಪುಟದಲ್ಲಿ ಹಾಗೇ ಬರೆದಿದ್ದೇನೆ: 'ಗರುಡ, ಒಂದು, ಎರಡನೇ ವರ್ಷದ್ದು ಇರಬಹುದು. ಬಾಲ ಗುಂಡಗೆ. ಬೆಳಕು ಹಿಂದಿನಿಂದ, ಚೆನ್ನಾಗಿತ್ತು.'