ಆಲನ್ ಕ್ಲಾರ್ಕ್ ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ, ಅದನ್ನು ನೋಡಿ

ಕಿರುಚಿತ್ರ ಮಾಡುವ ಹುಡುಗ ಹುಡುಗಿಯರು ಎಡಿಟಿಂಗ್‌ಗೆ ಅಂತ ನನ್ನ ಹತ್ತಿರ ಬರುತ್ತಾರೆ. ಹಾರ್ಡ್ ಡಿಸ್ಕ್ ತೆರೆದರೆ ಅರ್ಧಕ್ಕರ್ಧ ಒಂದೇ ಬಗೆಯ ಶಾಟ್. ನಟ ನಡೆಯುತ್ತಾ ಹೋಗುತ್ತಾನೆ, ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಸಾಧನ) ಮೇಲಿನ ಕ್ಯಾಮೆರಾ ಅವನ ಬೆನ್ನು ಹಿಡಿದು ಹೋಗುತ್ತದೆ. ಯಾಕೆ ಅಂತ ಕೇಳಿದರೆ, "ಆಲನ್ ಕ್ಲಾರ್ಕ್ ಸ್ಟೈಲ್ ಸಾರ್" ಅನ್ನುತ್ತಾರೆ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

ಕ್ಲಾರ್ಕ್ ಬ್ರಿಟಿಷ್ ನಿರ್ದೇಶಕ, 1990ರಲ್ಲಿ ತೀರಿಕೊಂಡರು. ಆಗ ಅವರಿಗೆ 54 ವರ್ಷ. ಹೆಚ್ಚೂ ಕಡಿಮೆ ಜೀವಮಾನದ ಕೆಲಸವೆಲ್ಲ ಬ್ರಿಟನ್ನಿನ ಟಿವಿಗೇ. ಶುರುವಾದದ್ದು ಸ್ಟುಡಿಯೋ ಒಳಗಿನ ಸಣ್ಣ ನಾಟಕಗಳಿಂದ. 1977ರಲ್ಲಿ ಬಾಲಾಪರಾಧಿಗಳ ಜೈಲಿನ ಬಗ್ಗೆ 'ಸ್ಕಮ್' ಮಾಡಿದರು. ಬಿಬಿಸಿ ಅದನ್ನು ಪ್ರಸಾರ ಮಾಡಲಿಲ್ಲ. 1979ರಲ್ಲಿ ಅದೇ ಕಥೆಯನ್ನು ಸಿನಿಮಾ ಮಾಡಿದರು. ಬಿಬಿಸಿಯ ಮೊದಲ ಆವೃತ್ತಿ ಟಿವಿಯಲ್ಲಿ ಬಂದದ್ದು 1991ರಲ್ಲಿ, ಅವರು ಹೋದ ಮೇಲೆ.

ಹುಡುಗರು ನೋಡುವುದು 'ಎಲಿಫೆಂಟ್' ಮಾತ್ರ. ಅದೂ ಫೋನಿನಲ್ಲಿ, ಒಂದೆರಡು ನಿಮಿಷದ ತುಣುಕು. ಇದು 1989ರದ್ದು, ಉತ್ತರ ಐರ್ಲೆಂಡಿನ ಕೊಲೆಗಳ ಬಗ್ಗೆ. ನಿರ್ಮಾಪಕ ಡ್ಯಾನಿ ಬಾಯ್ಲ್. 39 ನಿಮಿಷ, 18 ಕೊಲೆ, ಮಾತು ಇಲ್ಲವೆನ್ನುವಷ್ಟು ಕಡಿಮೆ. ಒಬ್ಬ ನಡೆಯುತ್ತಾನೆ. ಸ್ಟೆಡಿಕ್ಯಾಮ್, ಅಂದರೆ ಮೈಗೆ ಕಟ್ಟಿಕೊಂಡು ಅಲುಗದಂತೆ ಓಡಾಡಿಸುವ ಕ್ಯಾಮೆರಾ, ಜೊತೆಗೇ ಹೋಗುತ್ತದೆ. ಗುಂಡು ಹಾರುತ್ತದೆ. ಕೊಂದವನು ಬಂದ ಹಾಗೇ ಹೋಗುತ್ತಾನೆ. ಇಷ್ಟನ್ನು ಎಲ್ಲರೂ ಕಲಿತಿದ್ದಾರೆ.

ಆಮೇಲಿನದನ್ನು ಯಾರೂ ಕಲಿತಿಲ್ಲ. ಕ್ಯಾಮೆರಾ ಹೆಣದ ಮುಂದೆ ಬಂದು ನಿಲ್ಲುತ್ತದೆ. ಅಲ್ಲಾಡುವುದಿಲ್ಲ. ನಾವು ಕಣ್ಣು ತಿರುಗಿಸಬೇಕು ಅಂದುಕೊಂಡ ಮೇಲೂ ಅಲ್ಲೇ ಇರುತ್ತದೆ. ಆ ನಿಲುಗಡೆ ಇರುವುದರಿಂದಲೇ ಮುಂದಿನ ನಡಿಗೆಗೆ ಭಯ ಬರುತ್ತದೆ. ನಡೆಯುತ್ತಿರುವವನು ಕೊಲ್ಲುವವನೋ, ಸಾಯುವವನೋ? ಗೊತ್ತಾಗುವುದಿಲ್ಲ. ಕೊನೆಯ ಕೊಲೆಯಲ್ಲಂತೂ ಇಬ್ಬರು ಜೊತೆಯಾಗಿ ನಡೆದು ಹೋಗುತ್ತಾರೆ, ಅದರಲ್ಲಿ ಒಬ್ಬ ತಾನಾಗಿಯೇ ಗೋಡೆಗೆ ಮುಖ ಮಾಡಿ ನಿಲ್ಲುತ್ತಾನೆ. ಅಷ್ಟು ಹೊತ್ತು ಅವನ ಜೊತೆ ನಡೆದಿದ್ದೇವಲ್ಲ, ಅದಕ್ಕೇ ಎದೆ ಒಡೆಯುತ್ತದೆ. ನಿಲುಗಡೆ ಕಿತ್ತುಹಾಕಿ ನಡಿಗೆ ಮಾತ್ರ ಇಟ್ಟರೆ ಉಳಿಯುವುದು ಒಬ್ಬನ ಬೆನ್ನು, ಅಷ್ಟೇ.

ಇನ್ನೊಂದು ವಿಷಯ. 1987ರ 'ರೋಡ್'ನಲ್ಲಿ ನಟಿ ಲೆಸ್ಲಿ ಶಾರ್ಪ್ ಬೀದಿಯುದ್ದಕ್ಕೂ ನಡೆಯುತ್ತಾ ಕೆಲಸವಿಲ್ಲದ ಗಂಡನ ಬಗ್ಗೆ ಮಾತಾಡುತ್ತಾರೆ. ಅಲ್ಲಿ ಕ್ಯಾಮೆರಾ ಅವರ ಮುಖದ ಎದುರಿಗೆ ಹಿಂದೆ ಹಿಂದೆ ಸರಿಯುತ್ತದೆ. ಅಲ್ಲಿ ಮುಖ ಬೇಕು, ಬೆನ್ನಿನಿಂದ ಏನೂ ಸಿಗುವುದಿಲ್ಲ. 1982ರಲ್ಲಿ ಗಾಯಕ ಡೇವಿಡ್ ಬೋವಿ ನಟಿಸಿದ 'ಬಾಲ್' ನೋಡಿದರೆ ಇನ್ನೂ ಆಶ್ಚರ್ಯ. ಜರ್ಮನ್ ನಾಟಕಕಾರ ಬ್ರೆಕ್ಟ್ ಬರೆದ ನಾಟಕ ಅದು. ಕ್ಯಾಮೆರಾ ದೂರದಲ್ಲಿ, ಶಾಟ್‌ಗಳು ಉದ್ದ, ಓಡಾಟ ತೀರಾ ಕಡಿಮೆ. ಅದಾದ ಕೂಡಲೇ 'ಮೇಡ್ ಇನ್ ಬ್ರಿಟನ್'ನಲ್ಲಿ ನಟ ಟಿಮ್ ರಾತ್ ಹಿಂದೆ ಸ್ಟೆಡಿಕ್ಯಾಮ್ ಬಿಟ್ಟವರೂ ಇವರೇ. ಆ ಹುಡುಗ ಒಂದು ಕಡೆ ನಿಲ್ಲುವವನಲ್ಲ, ಹಾಗಾಗಿ ಕ್ಯಾಮೆರಾನೂ ನಿಲ್ಲಲಿಲ್ಲ. ಹಾಗಿರುವಾಗ ಯಾವುದನ್ನು 'ಕ್ಲಾರ್ಕ್ ಸ್ಟೈಲ್' ಅನ್ನಬೇಕು, ಹೇಳಿ?

ಹಿಂಬಾಲಿಸುವ ಶಾಟ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಕೆಲವು ಕಥೆಗೆ ಅದೇ ಸರಿ, ಸೆಟ್‌ನಲ್ಲಿ ನಿಂತವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿರಬಹುದು. ಈಚೆಗೆ ಒಬ್ಬಳು ಹುಡುಗಿ ಬಂದಿದ್ದಳು. ತುಂಬಾ ಚುರುಕು, ಕೆಲಸದ ಮೇಲೆ ಪ್ರೀತಿ ಇರುವವಳು. ಅವಳ ಚಿತ್ರದಲ್ಲಿ ಒಬ್ಬ ತಾಯಿ ರೇಷನ್ ಅಂಗಡಿಗೆ ನಡೆದು ಹೋಗುತ್ತಾಳೆ. ಉದ್ದನೆಯ ಶಾಟ್, ಪೂರ್ತಿ ಬೆನ್ನು. ಅಂಗಡಿ ತಲುಪಿದ ತಕ್ಷಣ ಕಟ್. "ಅಲ್ಲಿ ಏನಾಯ್ತು?" ಅಂತ ಕೇಳಿದೆ. "ಏನೂ ಇಲ್ಲ ಸಾರ್, ಸುಮ್ನೆ ಕ್ಯೂನಲ್ಲಿ ನಿಂತ್ರು. ಕ್ಯಾಮೆರಾ ಆಫ್ ಮಾಡೋದು ಮರೆತು ಅದೂ ರೆಕಾರ್ಡ್ ಆಗಿದೆ" ಅಂದಳು. ತೆಗೆದು ನೋಡಿದೆವು. ತಾಯಿ ಚೀಲವನ್ನು ಮಡಿಸುತ್ತಾಳೆ, ಬಿಡಿಸುತ್ತಾಳೆ, ಮುಂದಿನವರನ್ನು ಎಣಿಸುತ್ತಾಳೆ, ಮತ್ತೆ ಮಡಿಸುತ್ತಾಳೆ. ನಡಿಗೆಯನ್ನು ಜಾಸ್ತಿ ಕತ್ತರಿಸಿ ಈ ಕ್ಯೂ ಪೂರ್ತಿ ಉಳಿಸಿಕೊಂಡೆವು.

ಮುಂದಿನ ಸಲ ಬರುವವರಿಗೆ ಒಂದು ಕೋರಿಕೆ. 'ಬಾಲ್' ಮೊದಲು ನೋಡಿ, ಆಮೇಲೆ 'ಮೇಡ್ ಇನ್ ಬ್ರಿಟನ್'. 'ಎಲಿಫೆಂಟ್' ಕೊನೆಗೆ ಇರಲಿ. ಅದನ್ನು ಒಂದೇ ಪಟ್ಟಿಗೆ ಕೂತು ನೋಡಿ, ಹೆಣದ ಶಾಟ್ ಬಂದಾಗ ಫಾರ್ವರ್ಡ್ ಮಾಡಬೇಡಿ. ಗಿಂಬಲ್ ಬಾಡಿಗೆಗೆ ತರುವುದು ಇದೆಲ್ಲ ಆದ ಮೇಲೆ.