ಎರಡು ಮೀಟರ್ ತಂತಿಗೆ ಎರಡೂವರೆ ಮಿಲಿಮೀಟರ್

ಪದವಿ ತರಗತಿಯ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ, ತಂತಿಯ ಹಿಗ್ಗನ್ನು ಅಳೆಯುವ ಸರ್ಲ್ ಉಪಕರಣದ ಮುಂದೆ ಬಂದು ನಿಲ್ಲುವ ವಿದ್ಯಾರ್ಥಿಗಳಿಗೆ ನಾನು ಮೊದಲು ಕೇಳುವುದು, ಐದು ಕಿಲೋ ತೂಗುಹಾಕಿದರೆ ಈ ಗಡಸು ಉಕ್ಕಿನ ತಂತಿ ಎಷ್ಟು ಹಿಗ್ಗೀತು ಎಂದು. ಕೆಲವರು ಎರಡು ಬೆರಳಷ್ಟು ಎನ್ನುತ್ತಾರೆ, ಉಕ್ಕು ಹಿಗ್ಗುವುದೇ ಇಲ್ಲ ಎನ್ನುವವರೂ ಇದ್ದಾರೆ. ತಂತಿಯ ಉದ್ದ 2 ಮೀಟರ್, ವ್ಯಾಸ 0.5 ಮಿ.ಮೀ. ಇದ್ದರೆ ಅದು ಹಿಗ್ಗುವುದು ಸುಮಾರು 2.5 ಮಿ.ಮೀ. ಮಾತ್ರ.

ಲೆಕ್ಕ ಸರಳವಾಗಿದೆ. ಐದು ಕಿಲೋ ಎಂದರೆ 49 ನ್ಯೂಟನ್ ಎಳೆತ. ತಂತಿಯ ಅಡ್ಡಕೊಯ್ತದ ವಿಸ್ತೀರ್ಣ 0.196 ಚದರ ಮಿ.ಮೀ. ಒಂದನ್ನು ಇನ್ನೊಂದರಿಂದ ಭಾಗಿಸಿದಾಗ ಚದರ ಮಿಲಿಮೀಟರಿಗೆ 250 ನ್ಯೂಟನ್ ಬರುತ್ತದೆ. ಇದು ಪೀಡನ, ಅಂದರೆ ಸ್ಟ್ರೆಸ್. ಹಿಗ್ಗಿದ 2.5 ಮಿ.ಮೀ. ಅನ್ನು ಮೂಲ ಉದ್ದದಿಂದ ಭಾಗಿಸಿದರೆ 0.00125, ಇದು ಸ್ಟ್ರೇನ್, ಇದಕ್ಕೆ ಯಾವ ಮಾನವೂ ಇಲ್ಲ. ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ ಎಳೆತಕ್ಕೂ ಹಿಗ್ಗಿಗೂ ಇರುವ ಅನುಪಾತವನ್ನಷ್ಟೇ ಹೇಳುತ್ತದೆ. ಉದ್ದದಿಂದಲೂ ವಿಸ್ತೀರ್ಣದಿಂದಲೂ ಭಾಗಿಸಿದ ಮೇಲೆ ತಂತಿಯ ಗಾತ್ರ ಕಳಚಿಹೋಗಿ ಲೋಹದ ಗುಣವೊಂದೇ ಉಳಿಯುತ್ತದೆ. ಪೀಡನವನ್ನು ಸ್ಟ್ರೇನಿನಿಂದ ಭಾಗಿಸಿದಾಗ ಸಿಗುವ ಈ ಗುಣವೇ ಯಂಗ್ ಗುಣಾಂಕ. ಉಕ್ಕಿಗೆ ಅದು ಚದರ ಮಿಲಿಮೀಟರಿಗೆ ಸುಮಾರು 2 ಲಕ್ಷ ನ್ಯೂಟನ್.

ಒಂದೇ ಆಧಾರದಿಂದ ಎರಡು ತಂತಿಗಳನ್ನು ಏಕೆ ಇಳಿಬಿಡುತ್ತೇವೆ ಎಂಬುದಕ್ಕೂ ಉತ್ತರ ಈ ಅಂಕಿಗಳಲ್ಲೇ ಇದೆ. ಅರ್ಧ ಕಿಲೋದ ಬಿಲ್ಲೆ ಹಾಕಿದಾಗ ತಂತಿ ಕಾಲು ಮಿಲಿಮೀಟರ್ ಹಿಗ್ಗಿದರೆ, ಕೋಣೆಯ ಉಷ್ಣತೆ ಒಂದು ಡಿಗ್ರಿ ಏರಿದ ಮಾತ್ರಕ್ಕೇ ಅದು 0.024 ಮಿ.ಮೀ., ಅಂದರೆ ಹೆಚ್ಚುಕಡಿಮೆ ಅದರ ಹತ್ತನೇ ಒಂದು ಪಾಲು, ಹಿಗ್ಗಿರುತ್ತದೆ. ಪಕ್ಕದ ತಂತಿಯೂ ಅಷ್ಟೇ ಹಿಗ್ಗುವುದರಿಂದ ಎರಡರ ನಡುವೆ ಮಟ್ಟ ನೋಡಲು ಇಟ್ಟ ಸ್ಪಿರಿಟ್ ಲೆವೆಲಿನ ಗುಳ್ಳೆ ಕದಲುವುದಿಲ್ಲ. ಮೇಲಿನ ತೊಲೆ ಬಾಗಿದರೂ ಹಾಗೆಯೇ.

ಹೊಸ ತಂತಿಯ ಮೊದಲ ಒಂದೆರಡು ಅಳತೆಗಳನ್ನು ನಾನು ನಂಬುವುದಿಲ್ಲ. ಸುರುಳಿಯಿಂದ ಬಿಚ್ಚಿದ ತಂತಿಯಲ್ಲಿ ಕಣ್ಣಿಗೆ ಕಾಣದ ಸೊಟ್ಟುಗಳಿರುತ್ತವೆ. ಅವು ನೆಟ್ಟಗಾಗುವುದನ್ನೇ ಲೋಹ ಹಿಗ್ಗಿತೆಂದು ಬರೆದುಕೊಳ್ಳುತ್ತೇವೆ. ಆದ್ದರಿಂದ ಒಮ್ಮೆ ಭಾರ ಹೇರಿ ಇಳಿಸಿ, ಸ್ವಲ್ಪ ಭಾರವನ್ನು ಹಾಗೆಯೇ ಬಿಟ್ಟು ಅಲ್ಲಿಂದ ಎಣಿಸಲು ತೊಡಗಬೇಕು.

ಇಷ್ಟೆಲ್ಲ ಎಚ್ಚರ ವಹಿಸಿದವರೂ ಎಡವುವುದು ದಪ್ಪದ ಅಳತೆಯಲ್ಲಿ. ಮೀಟರ್ ಪಟ್ಟಿಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ 2 ಮೀಟರಿನಲ್ಲಿ ಅದು ಶೇ. 0.05 ಮಾತ್ರ. ದಪ್ಪ ಅಳೆಯುವ ಸ್ಕ್ರೂ ಗೇಜಿನಲ್ಲಿ 0.01 ಮಿ.ಮೀ. ತಪ್ಪಿದರೆ ಅರ್ಧ ಮಿಲಿಮೀಟರಿನಲ್ಲಿ ಅದು ಶೇ. 2, ವ್ಯಾಸದ ವರ್ಗ ತೆಗೆದುಕೊಳ್ಳುವುದರಿಂದ ಗುಣಾಂಕದಲ್ಲಿ ಶೇ. 4. ಆದರೂ ಹಿಗ್ಗನ್ನು ಹತ್ತು ಬಾರಿ ಓದುವ ವಿದ್ಯಾರ್ಥಿ ವ್ಯಾಸವನ್ನು ಒಂದೇ ಜಾಗದಲ್ಲಿ, ಬಾಯಿ ಮುಚ್ಚಿದಾಗ ಗೇಜು ಸೊನ್ನೆ ತೋರಿಸದಿರುವ ಸೊನ್ನೆ ದೋಷವನ್ನೂ ನೋಡದೆ, ಅಳೆದು ಮುಗಿಸುತ್ತಾನೆ. ತಂತಿ ಪೂರ್ತಿ ದುಂಡಗಿರುವುದಿಲ್ಲ. ಐದಾರು ಕಡೆ, ಪ್ರತಿ ಕಡೆಯೂ ಒಂದಕ್ಕೊಂದು ಲಂಬವಾದ ಎರಡು ದಿಕ್ಕುಗಳಲ್ಲಿ, ಗೇಜಿನ ಒತ್ತಡವನ್ನು ಹದದಲ್ಲಿಡುವ ರ‍್ಯಾಚೆಟ್ ತಿರುಗಿಸಿಯೇ ಅಳೆಯಬೇಕು.

ಒಮ್ಮೆ ಕಾಯಿಸಿ ಮೆದುಗೊಳಿಸಿದ ತಾಮ್ರದ ತಂತಿಯ ಪ್ರಯೋಗದ ರೆಕಾರ್ಡಿನಲ್ಲಿ ಭಾರ ಇಳಿಸುವಾಗಿನ ಅಂಕಿಗಳು ಏರಿಸುವಾಗಿನ ಅಂಕಿಗಳನ್ನೇ ತಿರುವುಮುರುವಾಗಿ ಬರೆದಂತಿದ್ದವು. ಅಷ್ಟೇ ದಪ್ಪದ ಅಂಥ ತಂತಿಗೆ ಎರಡು ಕಿಲೋ ಹಾಕಿದರೆ ಸಾಕು, ಅದು ಸ್ಥಿತಿಸ್ಥಾಪಕ ಮಿತಿ, ಅಂದರೆ ಭಾರ ತೆಗೆದರೆ ಮೊದಲಿನ ಉದ್ದಕ್ಕೆ ಮರಳುವ ಎಲ್ಲೆ, ದಾಟಿರುತ್ತದೆ. ಭಾರ ತೆಗೆದಾಗ ಗ್ರಾಫಿನ ಗೆರೆ ಮೊದಲಿನ ನೇರ ಭಾಗಕ್ಕೆ ಸಮಾಂತರವಾಗಿ ಇಳಿದು ಸೊನ್ನೆಯಿಂದ ದೂರದಲ್ಲೇ ನಿಲ್ಲುತ್ತದೆ. ವಿದ್ಯಾರ್ಥಿಯನ್ನು ಬಯ್ಯದೆ ಅದೇ ತಂತಿಯನ್ನು ಮತ್ತೆ ತೂಗುಹಾಕಿಸಿದೆ. ಮೊದಲು ಸೋತ ಭಾರಕ್ಕೆ ಈ ಬಾರಿ ತಂತಿ ಸೋಲಲಿಲ್ಲ. ಎಳೆತಕ್ಕೆ ಸಿಕ್ಕ ತಾಮ್ರ ಗಡಸಾಗಿತ್ತು. ಅವನು ಹಳೆಯ ವ್ಯಾಸವನ್ನೇ ಇಟ್ಟುಕೊಂಡು ಪೀಡನವನ್ನು ಲೆಕ್ಕ ಹಾಕಲು ಹೊರಟಾಗ, ಉದ್ದವಾದ ತಂತಿ ತೆಳ್ಳಗೂ ಆಗಿರುತ್ತದೆ ಎಂದು ಹೇಳಿ ಸ್ಕ್ರೂ ಗೇಜನ್ನು ಮತ್ತೆ ಅವನ ಕೈಗೆ ಕೊಟ್ಟೆ.