ಪ್ಲೇಟ್ ಇರುವ ದಪ್ಪ ಸೋಲ್ ಶೂ: ಸ್ಪೀಡ್ ತಾಲೀಮಿಗೆ ಒಗ್ಗುತ್ತಾ ಅಂತ ತಿಳಿಯುವುದು ಹೇಗೆ?

ಪ್ರಶ್ನೆ: ವಾರಕ್ಕೆ ನಾಲ್ಕು ದಿನ ಓಡುತ್ತೇನೆ. ಒಂದು ದಿನ ಇಂಟರ್ವಲ್ (ಜೋರು ಓಟದ ತುಣುಕುಗಳು, ನಡುವೆ ನಿಧಾನ), ಒಂದು ದಿನ ಟೆಂಪೋ (ಒಂದೇ ಸಮನೆ ಗಟ್ಟಿ ವೇಗದ ಓಟ), ಉಳಿದೆರಡು ದಿನ ಆರಾಮಾಗಿ. 10 ಕಿ.ಮೀ.ಗೆ ಸುಮಾರು 52 ನಿಮಿಷ ಬೇಕು. ತಾಲೀಮಿಗೆಂದೇ ಮಾಡಿದ, ಒಳಗೆ ಪ್ಲೇಟ್ (ಕಾರ್ಬನ್, ನೈಲಾನ್ ಥರದ ಗಟ್ಟಿ ಹಾಳೆ) ಇರುವ ದಪ್ಪ ಸೋಲಿನ ಶೂ ಹಾಕಿ ನೋಡಿದೆ. ನಾಲ್ಕು ಹೆಜ್ಜೆ ಓಡಿದ್ದಷ್ಟೇ, ಯಾರೋ ಹಿಂದಿನಿಂದ ತಳ್ಳಿದ ಹಾಗಾಯಿತು. ಇದರಿಂದ ನನಗೆ ನಿಜವಾಗಿ ಉಪಯೋಗ ಇದೆಯಾ, ಇಲ್ಲಾ ಇದು ಸುಮ್ನೆ ಹೊಸ ಶೂ ಖುಷಿಯಾ? ಪರೀಕ್ಷೆ ಮಾಡುವುದು ಹೇಗೆ?

ಉತ್ತರ: ಮೊದಲು ಆ ನಾಲ್ಕು ಹೆಜ್ಜೆಯನ್ನು ಮರೆತುಬಿಡಿ. ಕಾಲು ತಾಜಾ ಇದ್ದಾಗ ಮೆತ್ತನೆಯ ಶೂ ಯಾವುದಾದರೂ ಪುಟಿಯುತ್ತದೆ. ಈ ಥರದ ಶೂ ತನ್ನ ನಿಜವಾದ ಗುಣ ತೋರಿಸುವುದು ಕೊನೆಯ ಇಂಟರ್ವಲ್‌ಗಳಲ್ಲಿ ಕಾಲು ಸೋತಾಗ, ನಡುವಿನ ನಿಧಾನ ಜಾಗ್‌ನಲ್ಲಿ, ಮತ್ತೆ ಮಾರನೇ ದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ. ಅಂಗಡಿಯ ನೆಲದ ಮೇಲೆ ಈ ಮೂರರಲ್ಲಿ ಒಂದೂ ಸಿಗುವುದಿಲ್ಲ.

ಆ ತಳ್ಳಿದ ಅನುಭವ ಸುಳ್ಳೇನಲ್ಲ. ಆದರೆ ಅದರ ಕೀರ್ತಿ ಎಲ್ಲ ಪ್ಲೇಟಿಗೆ ಹೋಗುತ್ತಿದೆ, ತಪ್ಪು ವಿಳಾಸಕ್ಕೆ. ಪ್ಲೇಟ್ ಸ್ಪ್ರಿಂಗ್ ಥರ ಬಾಗಿ ಮುಂದಕ್ಕೆ ಎಸೆಯುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಕಾಲು ನೆಲಕ್ಕೆ ಬಿದ್ದಾಗ ಅದುಮಿಕೊಂಡು, ಎತ್ತುವಾಗ ಶಕ್ತಿಯನ್ನು ವಾಪಸ್ ಕೊಡುವುದು ಬಹುಪಾಲು ಸೋಲಿನ ಮೆತ್ತನೆಯ ಫೋಮ್. 2017ರಲ್ಲಿ ನೈಕಿಯ ಕಾರ್ಬನ್ ಪ್ಲೇಟ್ ರೇಸಿಂಗ್ ಶೂ ವೇಪರ್‌ಫ್ಲೈ ಬಂದಾಗ ಕೊಲರಾಡೊ ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ ಇದನ್ನು ಅಳೆದಿದ್ದರು. ಅದುಮಲು ಹಾಕಿದ ಶಕ್ತಿಯಲ್ಲಿ ಶೇ. 87ರಷ್ಟನ್ನು ಆ ಶೂ ವಾಪಸ್ ಕೊಟ್ಟಿತು. ಪಕ್ಕದಲ್ಲಿ ಹೋಲಿಕೆಗೆ ಇಟ್ಟಿದ್ದ ಅಡಿಡಾಸ್‌ನ ಬೂಸ್ಟ್ ಫೋಮ್ ಶೂ ಕೊಟ್ಟದ್ದು ಶೇ. 76ರ ಹತ್ತಿರ. 18 ಓಟಗಾರರನ್ನು ಓಡಿಸಿ ನೋಡಿದಾಗ, ಹೋಲಿಕೆಯ ಶೂಗಳಿಗಿಂತ ಸರಾಸರಿ ಶೇ. 4ರಷ್ಟು ಶಕ್ತಿ ಉಳಿದಿತ್ತು.

ಆಮೇಲೆ ಸಂಶೋಧಕರಾದ ಲಾರಾ ಹೀಲಿ ಮತ್ತು ವೌಟರ್ ಹೂಗ್‌ಕಾಮರ್ ಒಂದು ಚಂದದ ಪ್ರಯೋಗ ಮಾಡಿದರು. ಅದೇ ವೇಪರ್‌ಫ್ಲೈ ತಗೊಂಡು ಒಳಗಿನ ಕಾರ್ಬನ್ ಪ್ಲೇಟನ್ನು ಅಡ್ಡಡ್ಡ ಕೊಯ್ದುಬಿಟ್ಟರು! ಪ್ಲೇಟಿನ ಬಿಗಿ ಹೋಯಿತು. ಓಡಲು ಬೇಕಾದ ಶಕ್ತಿ ಮಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು.

ಹಾಗಾದರೆ ಪ್ಲೇಟ್ ಯಾಕೆ? ಮೆತ್ತನೆಯ ಹಾಸಿಗೆಯ ಕೆಳಗೆ ಹಲಗೆ ಇರುತ್ತಲ್ಲ, ಸುಮಾರಾಗಿ ಹಾಗೆ. ಇಷ್ಟು ದಪ್ಪ, ಇಷ್ಟು ಮೆದು ಫೋಮ್ ಒಂದೇ ಇದ್ದರೆ ಕಾಲಡಿ ಅಲುಗಾಡುತ್ತದೆ. ಪ್ಲೇಟ್ ಅದಕ್ಕೊಂದು ಬೆನ್ನೆಲುಬು ಕೊಡುತ್ತದೆ. ಕಾಲ್ಬೆರಳಿನ ಬುಡದ ಕೀಲು ಬಾಗುವುದನ್ನು ಸ್ವಲ್ಪ ತಡೆಯುತ್ತದೆ. ಇದರ ಜೊತೆ ಸೋಲಿನ ಮೂತಿ ತೂಗುಕುರ್ಚಿಯ ಕಾಲಿನ ಹಾಗೆ ಮೇಲಕ್ಕೆ ಬಾಗಿರುತ್ತದೆ, ಅದಕ್ಕೆ ರಾಕರ್ ಅಂತಾರೆ. ಫೋಮ್, ಪ್ಲೇಟ್, ರಾಕರ್ ಮೂರೂ ಕೂಡಿದರೆ ಆ ಮುಂದಕ್ಕೆ ತಳ್ಳಿದ ಅನುಭವ ಬರುತ್ತದೆ. ಅದಕ್ಕೇ ಶೂ ನೋಡುವಾಗ ‘ಪ್ಲೇಟ್ ಯಾವುದು’ ಅನ್ನುವುದಕ್ಕಿಂತ ‘ಫೋಮ್ ಯಾವುದು’ ಅಂತ ಮೊದಲು ಕೇಳಿ. ಹೆಚ್ಚು ಪುಟಿಯುವ ಪೀಬಾ ಜಾತಿಯ ಫೋಮಾ, ಹಳೆಯ ಈವಿಎ ಜಾತಿಯದಾ, ಅಥವಾ ಮೇಲೊಂದು ಕೆಳಗೊಂದು ಪದರವಾ? ಮಾಮೂಲಿ ಈವಿಎ ಒಳಗೆ ಒಂದು ಕಾರ್ಬನ್ ಹಾಳೆ ತುರುಕಿ, ಪೆಟ್ಟಿಗೆ ಮೇಲೆ ದೊಡ್ಡ ಅಕ್ಷರದಲ್ಲಿ ಕಾರ್ಬನ್ ಅಂತ ಬರೆದ ಶೂಗಳೂ ಇವೆ. ಅಂಥವು ಗಟ್ಟಿ ಹಲಗೆ, ಅಷ್ಟೇ.

ಈಗ ನಿಮ್ಮ ವೇಗಕ್ಕೆ ಬರೋಣ. ಆ ಶೇ. 4ರ ಲೆಕ್ಕ ತೆಗೆದದ್ದು ಗಂಟೆಗೆ 14ರಿಂದ 18 ಕಿ.ಮೀ. ವೇಗದಲ್ಲಿ. ಅಂದರೆ ಕಿಲೋಮೀಟರಿಗೆ 4 ನಿಮಿಷ 17 ಸೆಕೆಂಡಿನಿಂದ 3 ನಿಮಿಷ 20 ಸೆಕೆಂಡ್. ನಿಮ್ಮದು ಕಿಲೋಮೀಟರಿಗೆ 5 ನಿಮಿಷ 12 ಸೆಕೆಂಡ್. 2023ರಲ್ಲಿ ಬಂದ ಇನ್ನೊಂದು ಅಧ್ಯಯನ ನಿಧಾನದ ವೇಗಗಳನ್ನೇ ನೋಡಿತು. ಗಂಟೆಗೆ 12 ಕಿ.ಮೀ.ನಲ್ಲಿ ಉಳಿತಾಯ ಸರಾಸರಿ ಶೇ. 1.4, ಗಂಟೆಗೆ 10 ಕಿ.ಮೀ.ನಲ್ಲಿ ಶೇ. 0.9. ಅದೂ ರೇಸಿಂಗ್ ಶೂನಲ್ಲಿ.

ಸರಾಸರಿ ಅನ್ನುವುದು ಇಲ್ಲಿ ದೊಡ್ಡ ಮೋಸಗಾರ. ಅದೇ ವರ್ಷ ಕೀನ್ಯಾದ ಅಗ್ರ ಓಟಗಾರರನ್ನು ಇಂಥ ಶೂಗಳಲ್ಲಿ ಓಡಿಸಿ, ಹಳೆಯ ತೆಳು ಸೋಲಿನ ಶೂಗೆ ಹೋಲಿಸಿ ನೋಡಿದರು. ಒಬ್ಬರಿಗೆ ಶೇ. 11ರಷ್ಟು ಲಾಭ, ಇನ್ನೊಬ್ಬರಿಗೆ ಹತ್ತಿರಹತ್ತಿರ ಅಷ್ಟೇ ನಷ್ಟ. ಎಲ್ಲರೂ ವಿಶ್ವಮಟ್ಟದವರೇ. ಕುಣಿಯಲಾರದವಳು ನೆಲ ಡೊಂಕು ಅಂದಳು ಅಂತ ನಗುತ್ತೇವೆ. ಈ ಶೂಗಳ ವಿಷಯದಲ್ಲಿ ನೆಲ ನಿಜವಾಗ್ಲೂ ಡೊಂಕಿರಬಹುದು. ಗೆಳೆಯನಿಗೆ ಒಗ್ಗಿದ ಶೂ ನಿಮಗೆ ಒಗ್ಗಬೇಕು ಅಂತೇನಿಲ್ಲ.

ಇನ್ನು ತಾಲೀಮಿನ ಶೂ ರೇಸಿಂಗ್ ಶೂನ ತಮ್ಮ ಅಲ್ಲ, ಅದರ ಕೆಲಸವೇ ಬೇರೆ. ತಳ ಅಗಲ, ನೆಲಕ್ಕೆ ತಾಗುವ ರಬ್ಬರ್ ಜಾಸ್ತಿ, ತೂಕವೂ ಜಾಸ್ತಿ. ಪ್ಲೇಟ್ ಹಲವು ಬಾರಿ ಕಾರ್ಬನ್ ಬದಲು ನೈಲಾನ್ ಅಥವಾ ಗ್ಲಾಸ್ ಫೈಬರ್, ಅವು ಸ್ವಲ್ಪ ಬಾಗಿ ಕೊಡುತ್ತವೆ. ಸಾಕೋನಿಯ ಎಂಡಾರ್ಫಿನ್ ಸ್ಪೀಡ್‌ನಲ್ಲಿ ನೈಲಾನ್ ಪ್ಲೇಟ್, ಅದರ ರೇಸಿಂಗ್ ಜೊತೆಗಾರ ಎಂಡಾರ್ಫಿನ್ ಪ್ರೋದಲ್ಲಿ ಕಾರ್ಬನ್. ತೂಕದ ಲೆಕ್ಕ ಹಳೆಯದು, ಗಟ್ಟಿಯಾದದ್ದು: ಪ್ರತಿ ಶೂಗೆ 100 ಗ್ರಾಂ ಸೇರಿದರೆ ಶಕ್ತಿಯ ಖರ್ಚು ಸುಮಾರು ಶೇ. 1 ಏರುತ್ತದೆ. ಹಾಗಾಗಿ ರೇಸಿಂಗ್ ಶೂಗಿಂತ 50 ಗ್ರಾಂ ಭಾರದ ತಾಲೀಮಿನ ಶೂ ಅರ್ಧ ಪರ್ಸೆಂಟನ್ನು ಅಲ್ಲೇ ಕಳೆದುಕೊಂಡಿತು. ನಿಮ್ಮ ವೇಗದಲ್ಲಿ ಶೇ. 1 ಅಂದರೆ ಕಿಲೋಮೀಟರಿಗೆ ಹೆಚ್ಚೆಂದರೆ 3 ಸೆಕೆಂಡ್.

3 ಸೆಕೆಂಡಿಗಾಗಿ ತಾಲೀಮಿನ ಶೂ ಕೊಳ್ಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ತಾಲೀಮಿನಲ್ಲಿ ಆ 3 ಸೆಕೆಂಡ್ ಉಳಿಸಿ ಏನು ಮಾಡುತ್ತೀರಿ? ಗಟ್ಟಿಯಾಗಿ ಓಡಿದ ದಿನವೂ ಕಾಲು ಜಜ್ಜಿಹೋಗದೆ, ಕೊನೆಯ ಇಂಟರ್ವಲ್‌ವರೆಗೂ ನಿಮ್ಮ ಓಟದ ಭಂಗಿ ಕೆಡದೆ ಇದ್ದರೆ, ಆ ಶೂ ತನ್ನ ಕೆಲಸ ಮಾಡಿತು. ಪರೀಕ್ಷೆಯನ್ನೂ ಅದಕ್ಕೆ ತಕ್ಕಂತೆಯೇ ಮಾಡಬೇಕು.

ಅಂಗಡಿಯಲ್ಲಿ ಪುಟಿತವನ್ನು ಪಕ್ಕಕ್ಕಿಟ್ಟು ಅಳತೆ ನೋಡಿ. ಬೇರೆ ಶೂಗಿಂತ ಇದರಲ್ಲಿ ಅಳತೆಯ ತಪ್ಪು ದುಬಾರಿ. ಮಾಮೂಲಿ ಶೂ ಕಾಲಿನ ಜೊತೆ ಬಾಗುತ್ತದೆ. ಇದು ಬಾಗುವುದಿಲ್ಲ. ಮುಂದೆ ಜಾಗ ಕಡಿಮೆ ಇದ್ದರೆ ಪ್ರತಿ ಹೆಜ್ಜೆಗೂ ಬೆರಳು ಗೋಡೆಗೆ ಗುದ್ದಿದ ಹಾಗೆ. ಹಿಂದೆ ಸಡಿಲ ಇದ್ದರೆ ಇನ್ನೊಂದು ಕಾಟ: ಹಿಮ್ಮಡಿ ಏಳುವಾಗ ಗಟ್ಟಿ ಸೋಲ್ ಜೊತೆಗೆ ಏಳದೆ ಹಿಂದುಳಿಯುತ್ತದೆ, ಹಿಮ್ಮಡಿ ಮೇಲೆ ಕೆಳಗೆ ಜಾರಿ ಉಜ್ಜುತ್ತದೆ. ನಾನು ಒಮ್ಮೆ ಹಿಮ್ಮಡಿ ಜಾರಬಾರದು ಅಂತ ಅರ್ಧ ಸೈಜ್ ಚಿಕ್ಕದು ತಗೊಂಡೆ. ಹಿಮ್ಮಡಿ ಜಾರಲಿಲ್ಲ, ಎರಡು ಬೆರಳಿನ ಉಗುರು ಕಪ್ಪಾದವು. ಸರಿಯಾದ ದಾರಿ ಏನಂದರೆ, ಬೆರಳಿಗೆ ಬೇಕಾದಷ್ಟು ಜಾಗ ಇರುವ ಸೈಜ್ ತಗೊಂಡು, ಮೇಲಿನ ಕೊನೆಯ ತೂತಿನಲ್ಲಿ ಲೇಸ್ ಕುಣಿಕೆ ಹಾಕಿ ಹಿಮ್ಮಡಿಯನ್ನು ಹಿಡಿದಿಡುವುದು. ಅಷ್ಟು ಮಾಡಿಯೂ ಜಾರಿದರೆ ಆ ಶೂ ನಿಮ್ಮ ಕಾಲಿನ ಆಕಾರಕ್ಕೆ ಮಾಡಿದ್ದಲ್ಲ.

ಆಮೇಲೆ ಒಂಟಿ ಕಾಲಲ್ಲಿ ನಿಲ್ಲಿ, ಮೊಣಕಾಲು ಸ್ವಲ್ಪ ಬಗ್ಗಿಸಿ. ಪಾದದ ಕೀಲು ಒಳಕ್ಕೆ ಹೊರಕ್ಕೆ ಕುಸಿಯುತ್ತಾ? ಎರಡೂ ಕಾಲಲ್ಲಿ ನೋಡಿ. ನಿಂತಾಗಲೇ ತೂರಾಡುವ ಶೂ ಎಂಟನೇ ಕಿಲೋಮೀಟರಿನಲ್ಲಿ ಸುಧಾರಿಸುವುದಿಲ್ಲ. ಹೆಬ್ಬೆರಳಲ್ಲಿ ಫೋಮ್ ಒತ್ತಿ ನೋಡುವವರನ್ನು ಕಂಡಿದ್ದೇನೆ. ಅದರಿಂದ ಏನೂ ಗೊತ್ತಾಗಲ್ಲ, ಬಿಟ್ಟುಬಿಡಿ.

ಮೊದಲ ಎರಡು ಓಟ ಸುಲಭದ್ದಾಗಿರಲಿ, ಚಿಕ್ಕದಾಗಿರಲಿ. ಇಲ್ಲಿ ನೋಡಬೇಕಾದ್ದು ನಿಧಾನದ ಗುಣ. ಯಾಕೆಂದರೆ ಸ್ಪೀಡ್ ತಾಲೀಮಿನ ದಿನವೂ ವಾರ್ಮಪ್, ನಡುವಿನ ಜಾಗ್, ಕೊನೆಯ ಕೂಲ್‌ಡೌನ್ ಎಲ್ಲ ಸೇರಿದರೆ ಅರ್ಧ ದೂರ ನಿಧಾನವಾಗಿಯೇ ಓಡಿರುತ್ತೀರಿ. ಕೆಲವು ಶೂಗಳು ವೇಗ ಸಿಕ್ಕಾಗ ಬೆಣ್ಣೆ, ನಿಧಾನಕ್ಕೆ ಬಂದರೆ ಮರದ ಚಪ್ಪಲಿ. ಜಾಗ್ ಮಾಡುವಾಗ ಟಪ್ ಟಪ್ ಅಂತ ಸದ್ದು ಬಂದರೆ, ಶೂ ಹೇಳಿದ ಹಾಗೆ ಕಾಲು ಹಾಕಬೇಕಾಗಿ ಬಂದರೆ ಗುರುತು ಹಾಕಿಕೊಳ್ಳಿ. ತಿರುವುಗಳನ್ನೂ ಬೇಕಂತಲೇ ತಗೊಳ್ಳಿ. ದಪ್ಪ ಸೋಲ್ ನೇರ ರಸ್ತೆಯಲ್ಲಿ ಸಾಧು, ತಿರುವಿನಲ್ಲಿ ಬಣ್ಣ ಬಯಲು.

ಮೂರನೆಯದು ನಿಜವಾದ ಪರೀಕ್ಷೆ. ಒಂದು ದಿನ ಹಳೆಯ ಶೂ, ಇನ್ನೊಂದು ದಿನ ಹೊಸ ಶೂ ಹಾಕಿ ವಾಚ್ ನೋಡಿ ಹೋಲಿಸಬೇಡಿ. ನಿದ್ದೆ, ಬಿಸಿಲು, ಗಾಳಿ, ನಿನ್ನೆಯ ಆಯಾಸ ಎಲ್ಲ ಸೇರಿ ಮಾಡುವ ವ್ಯತ್ಯಾಸ ಶೂ ಮಾಡುವ ವ್ಯತ್ಯಾಸಕ್ಕಿಂತ ದೊಡ್ಡದು. ಒಂದೇ ದಿನ ಎರಡೂ ಶೂ ತಗೊಂಡು ಹೋಗಿ. ಅಳತೆ ಗೊತ್ತಿರುವ 400 ಮೀಟರ್ ಟ್ರ್ಯಾಕ್ ಆದರೆ ಒಳ್ಳೇದು, ಜಿಪಿಎಸ್ ಇಷ್ಟು ಸಣ್ಣ ವ್ಯತ್ಯಾಸಕ್ಕೆ ನಂಬಿಕೆಯ ಸಾಕ್ಷಿ ಅಲ್ಲ. ನಾಲ್ಕು ಸಲ 1,200 ಮೀಟರ್ ಓಡಿ. ಮೊದಲನೆಯದು ಹಳೆಯ ಶೂನಲ್ಲಿ, ಎರಡನೆಯದು ಮೂರನೆಯದು ಹೊಸದರಲ್ಲಿ, ನಾಲ್ಕನೆಯದು ಮತ್ತೆ ಹಳೆಯದರಲ್ಲಿ. ಹೀಗೆ ಮಾಡಿದರೆ ಆಯಾಸದ ಪಾಲು ಎರಡಕ್ಕೂ ಸಮನಾಗಿ ಬೀಳುತ್ತದೆ. ನಡುವೆ ಒಂದೇ ಅಳತೆಯ ವಿರಾಮ. ನಾಲ್ಕನ್ನೂ ಒಂದೇ ವೇಗದಲ್ಲಿ ಓಡಲು ನೋಡಿ, ಕೊನೆಯ ಸುತ್ತಿನ ಹೃದಯ ಬಡಿತ ಬರೆದುಕೊಳ್ಳಿ. ಜೊತೆಗೆ ಎಷ್ಟು ಕಷ್ಟವಾಯಿತು ಅಂತ ಹತ್ತಕ್ಕೆ ಒಂದು ಅಂಕ ಕೊಡಿ. ಹೊಸ ಶೂ ಹಾಕಿದ್ದೀರಿ ಅಂತ ನಿಮಗೆ ಗೊತ್ತೇ ಇರುವುದರಿಂದ ಆ ಅಂಕದಲ್ಲಿ ಸ್ವಲ್ಪ ಮೋಹ ಸೇರಿಯೇ ಇರುತ್ತದೆ. ಅದಕ್ಕೇ ಒಂದು ಸಲದ ಫಲಿತಾಂಶ ನಂಬದೆ ಎರಡು ಮೂರು ವಾರ ಬಿಟ್ಟು, ಈ ಸಲ ಹೊಸ ಶೂನಿಂದ ಶುರು ಮಾಡಿ, ಇನ್ನೊಮ್ಮೆ ಮಾಡಿ.

ಬೇರೆ ದಿನ ಆ ಶೂ ಒಂದನ್ನೇ ಹಾಕಿ ನಿಮ್ಮ ಪೂರ್ತಿ ಇಂಟರ್ವಲ್ ತಾಲೀಮು ಮುಗಿಸಿ. ಕೊನೆಯ ಎರಡರಲ್ಲಿ ಏನಾಗುತ್ತದೆ ನೋಡಿ. ಹಿಮ್ಮಡಿ ಒಳಕ್ಕೆ ವಾಲುತ್ತಿದೆಯಾ? ಬೆರಳು ಶೂ ಒಳಗೆ ನೆಲ ಹಿಡಿಯಲು ಮುದುಡಿಕೊಳ್ಳುತ್ತಿವೆಯಾ? ಅದು ಶೂ ಅಲುಗಾಡುತ್ತಿದೆ, ಕಾಲು ಅದನ್ನು ಸಂಭಾಳಿಸುತ್ತಿದೆ ಅನ್ನುವ ಗುರುತು. ಗೆಳೆಯರೊಬ್ಬರು ಹಿಂದಿನಿಂದ ಫೋನಿನಲ್ಲಿ ಮೊದಲ ಮತ್ತು ಕೊನೆಯ ಇಂಟರ್ವಲ್‌ನ ವಿಡಿಯೋ ತೆಗೆದರೆ, ನಿಮಗೆ ಅನಿಸಿದ್ದಕ್ಕಿಂತ ಹೆಚ್ಚು ಅದು ಹೇಳುತ್ತದೆ.

ಮಾರನೇ ದಿನದ ನೋವನ್ನು ಓದುವುದೂ ಕಲಿಯಬೇಕು. ನೋವು ಕಡಿಮೆ ಇರುವುದಷ್ಟೇ ಅಲ್ಲ, ಎಲ್ಲಿಗೆ ಜಾಗ ಬದಲಿಸಿದೆ ಅನ್ನುವುದೂ ಮುಖ್ಯ. ತೊಡೆ ಹಗುರಾಗಿ, ಮೀನಖಂಡ ಸ್ವಲ್ಪ ಬಿಗಿದಿದ್ದರೆ ಮೊದಮೊದಲು ಸಹಜ. ಪಾದದ ಮೇಲ್ಭಾಗದ ನಡುವೆ, ಒಳಬದಿಗೆ, ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ನೋವಿದ್ದರೆ ಅದು ಬೇರೆ ವಿಷಯ. ಅಲ್ಲಿ ನ್ಯಾವಿಕ್ಯುಲರ್ ಅನ್ನುವ ಮೂಳೆ ಇದೆ. 2023ರಲ್ಲಿ ವೈದ್ಯರು ಕಾರ್ಬನ್ ಪ್ಲೇಟ್ ಶೂ ಬಳಸಿದ ಐದು ಕ್ರೀಡಾಪಟುಗಳಲ್ಲಿ ಈ ಮೂಳೆಗೆ ಒತ್ತಡದ ಪೆಟ್ಟು ಬಿದ್ದದ್ದನ್ನು ವರದಿ ಮಾಡಿದ್ದರು. ಐದು ಜನರ ವರದಿ, ಹೆದರಿ ಓಡಬೇಕಾದ್ದಲ್ಲ. ಆದರೆ ಆ ಜಾಗದ ನೋವಿನ ಮೇಲೆ ಓಡಬೇಡಿ, ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಮೊದಲ ತಿಂಗಳು ವಾರಕ್ಕೆ ಒಂದೇ ತಾಲೀಮಿಗೆ ಈ ಶೂ ಹಾಕಿ. ಆರಾಮದ ಓಟಕ್ಕೆ ನಿಮ್ಮ ಮಾಮೂಲಿ ಶೂ ಇರಲಿ, ಪಾದಕ್ಕೆ ತಾನೇ ಬಾಗುವ ಕೆಲಸವೂ ಇರಬೇಕಲ್ವಾ.

ಬಾಳಿಕೆ ಬಗ್ಗೆ ಒಂದು ಮಾತು. ಪುಟಿಯುವ ಪೀಬಾ ಫೋಮ್ ಹೊಸದರಲ್ಲಿ ರಾಜ, ಆದರೆ ಬೇಗ ಸುಸ್ತಾಗುತ್ತದೆ. 450 ಕಿ.ಮೀ. ಓಡಿಸಿದ ಶೂಗಳನ್ನು ಹೋಲಿಸಿದ ಒಂದು ಅಧ್ಯಯನದಲ್ಲಿ ಪೀಬಾದ ಮೇಲುಗೈ ಹೊರಟುಹೋಗಿತ್ತು. ಈವಿಎ ಮೊದಲಿನ ಹಾಗೇ ಇತ್ತು. ಹಾಗಾಗಿ ಕೆಳಗಿನ ರಬ್ಬರ್ ಚೆನ್ನಾಗಿದೆ ಅಂತ ಶೂ ಚೆನ್ನಾಗಿದೆ ಅಂದುಕೊಳ್ಳಬೇಡಿ, ಓಡಿದ ಕಿಲೋಮೀಟರ್ ಬರೆದಿಡಿ.

ಇನ್ನೊಂದು ವಿಷಯ, ನಿಮಗೆ ಬೇಕಾಗದೇ ಇರಬಹುದು, ಆದರೂ ಹೇಳಿಬಿಡುತ್ತೇನೆ. ಓಟದ ಸ್ಪರ್ಧೆಗಳ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ 2020ರಲ್ಲಿ ರಸ್ತೆ ಓಟಕ್ಕೆ ಸೋಲ್ ದಪ್ಪ 40 ಮಿ.ಮೀ. ಮೀರಬಾರದು, ಒಂದಕ್ಕಿಂತ ಹೆಚ್ಚು ಪ್ಲೇಟ್ ಇರಬಾರದು ಅಂತ ನಿಯಮ ಮಾಡಿತು. ತಾಲೀಮಿನ ಶೂಗಳಿಗೆ ಈ ಮಿತಿ ಇಲ್ಲ, ಹಾಗಾಗಿ ಕೆಲವು ಅದನ್ನು ದಾಟಿವೆ. 2021ರಲ್ಲಿ ವಿಯೆನ್ನಾ ಮ್ಯಾರಥಾನ್‌ನಲ್ಲಿ ಇಥಿಯೋಪಿಯಾದ ಡೆರಾರಾ ಹುರಿಸಾ ಮೊದಲಿಗರಾಗಿ ಗುರಿ ಮುಟ್ಟಿದರು. ಶೂ ಸೋಲ್ 5 ಸೆಂ.ಮೀ. ಇತ್ತು ಅಂತ ಆಮೇಲೆ ಗೆಲುವು ಕೈತಪ್ಪಿತು. ಪದಕದ ಆಸೆ ಇದ್ದರೆ ಸೋಲ್ ದಪ್ಪ ನೋಡಿಕೊಳ್ಳಿ.

ಇನ್ನು ನಿಮ್ಮ ಪ್ರಶ್ನೆಗೆ ನೇರವಾಗಿ. 52 ನಿಮಿಷದ ಓಟಗಾರರಿಗೆ ನಾನಾದರೆ ಗಟ್ಟಿ ಕಾರ್ಬನ್ ಬದಲು ನೈಲಾನ್ ಥರದ ಬಾಗುವ ಪ್ಲೇಟ್, ಪೀಬಾ ಫೋಮ್, ಅಗಲ ತಳ ಇರುವುದನ್ನು ಮೊದಲು ಹಾಕಿ ನೋಡಿ ಅನ್ನುತ್ತೇನೆ. ನಿಮ್ಮ ಈಗಿನ ಶೂನಲ್ಲೇ ಇಂಟರ್ವಲ್ ಚೆನ್ನಾಗಿ ಮುಗಿದು, ಮಾರನೇ ದಿನ ಕಾಲು ಸರಿಯಾಗಿಯೇ ಇದ್ದರೆ ಸದ್ಯಕ್ಕೆ ಯಾವುದೂ ಬೇಡ. ಕೊಳ್ಳುವುದೇ ಆದರೆ, ಓಡಿದ ಮೇಲೂ ವಾಪಸ್ ತಗೊಳ್ಳುತ್ತಾರಾ ಅಂತ ಮೊದಲೇ ಕೇಳಿ. ಕೆಲವರು ಟ್ರೆಡ್‌ಮಿಲ್ ಮೇಲೆ ಮಾತ್ರ ಓಡಿದ್ದರೆ ತಗೊಳ್ಳುತ್ತಾರೆ. ಹಾಗಿದ್ದರೆ ಅಲ್ಲೇ ಅರ್ಧ ಗಂಟೆ ಓಡಿ, ಅದರಲ್ಲಿ ಹತ್ತು ನಿಮಿಷ ಬೇಕಂತಲೇ ನಿಧಾನವಾಗಿ.